ಎಳೆಯ ಕಾಲು, ಭಾರದ ಪೆಡಲು

ಹೋರಿ ಕೊಳ್ಳಲು ಬಂದ ರೈತ ಬೆಲೆ ಕೇಳುವ ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಸಂಕ್ರಮಣದ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಜಾನುವಾರು ಸಂತೆಯಲ್ಲಿ ಇದನ್ನು ಯಾರು ಬೇಕಾದರೂ ಕಾಣಬಹುದು. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದಿವೆಯೇ, ನಾಲ್ಕು ಬಂದಿವೆಯೇ ಎಂಬುದರ ಮೇಲೆ ಅದನ್ನು ಹಗುರ ಕೆಲಸಕ್ಕೆ ಹೂಡಬೇಕೇ, ಭಾರದ ಬಂಡಿಗೆ ಕಟ್ಟಬಹುದೇ ಎಂಬ ತೀರ್ಮಾನ. ಎಳೆಗರುವಿನ ಹೆಗಲಿಗೆ ನೊಗ ಇಟ್ಟರೆ ಅದು ಮುಂದೆ ಎತ್ತಾಗಿ ಬಾಳುವುದಿಲ್ಲ ಎಂಬುದು ಅಕ್ಷರ ಕಲಿಯದವರಿಗೂ ಗೊತ್ತು. ಆದರೆ ಅದೇ ಮನೆಯ ಹತ್ತು ವರ್ಷದ ಹುಡುಗನನ್ನು ಸೈಕಲ್ ರೇಸಿಗೋ ಕುಸ್ತಿಗೋ ಹಚ್ಚುವಾಗ ಈ ಲೆಕ್ಕ ಎಲ್ಲಿಗೆ ಹೋಗುತ್ತದೆ? ಇಲ್ಲಿ ಕೂಡಿರುವ ಪಾಲಕರ ಮುಂದೆ ಇಡಬೇಕಾದ ಪ್ರಶ್ನೆ ಇದು.

ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಹೆಸರು ಸೈಕ್ಲಿಂಗ್ ಲೋಕಕ್ಕೆ ಹೊಸದಲ್ಲ. ರಾಜ್ಯಕ್ಕೆ ಪದಕ ತಂದ ಎಷ್ಟೋ ಸವಾರರು ಈ ಬಯಲುಸೀಮೆಯವರು. ವಿಜಯಪುರದಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ವಸತಿ ನಿಲಯವೇ ಇದೆ. ನಸುಕಿನಲ್ಲಿ ಊರ ಹೊರಗಿನ ರಸ್ತೆಗಳಲ್ಲಿ, ಕಬ್ಬಿನ ಟ್ರ್ಯಾಕ್ಟರು, ಲಾರಿಗಳ ಪಕ್ಕದಲ್ಲಿಯೇ, ಬೆನ್ನು ಬಾಗಿಸಿ ಪೆಡಲು ತುಳಿಯುವ ಹುಡುಗ ಹುಡುಗಿಯರನ್ನು ಕಂಡು ಯಾರೂ ಬೆರಗಾಗುವುದಿಲ್ಲ.

ಇದೆಲ್ಲ ತಂದೆತಾಯಿಯರ ಹುಚ್ಚು ಎಂದು ದೊಡ್ಡ ಪಟ್ಟಣದವರು ತಳ್ಳಿಹಾಕುವುದು ಸುಲಭ. ಆದರೆ ಮಳೆ ಕೈಕೊಟ್ಟ ವರ್ಷ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಗೋವಾಕ್ಕೆ ಗಾರೆ ಕೆಲಸಕ್ಕೆ ಗುಳೆ ಹೋಗುವ ಕುಟುಂಬಕ್ಕೆ ಕ್ರೀಡಾ ವಸತಿ ನಿಲಯ ಎಂದರೆ ಮಗುವಿಗೆ ಹೊತ್ತು ಹೊತ್ತಿಗೆ ಊಟ, ತಪ್ಪದ ಶಾಲೆ. ಮುಂದೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಸೇನೆಯಲ್ಲೋ ಕ್ರೀಡಾಪಟುವಿಗೆ ಸಿಗಬಹುದಾದ ನೌಕರಿಯ ಆಸೆ. ನೆರೆಯ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಸೇನೆಯ ಬಾಲಕರ ಕ್ರೀಡಾ ಕಂಪನಿ ಇದೆ. ಇಂಥ ಕಂಪನಿಗಳು ಎಂಟು ವರ್ಷದಿಂದಲೇ ಹುಡುಗರನ್ನು ಆರಿಸಿಕೊಳ್ಳುತ್ತವೆ. ಬಾಗಿಲು ತೆರೆಯುವುದೇ ಚಿಕ್ಕ ವಯಸ್ಸಿನಲ್ಲಿ ಎಂದ ಮೇಲೆ ಪಾಲಕರಿಗೆ ಅವಸರ ಹುಟ್ಟುವುದು ಸಹಜ. ಪದಕದ ಪ್ರಮಾಣಪತ್ರ ಅವರ ಕಣ್ಣಿಗೆ ಅರ್ಜಿಗೆ ಲಗತ್ತಿಸುವ ಕಾಗದ. ಈ ಆಸೆಯನ್ನು ಹಗುರವಾಗಿ ಕಾಣುವ ಯಾವ ಉಪದೇಶವೂ ತಿಕೋಟಾ, ಬಬಲೇಶ್ವರದ ಮನೆಗಳಲ್ಲಿ ನಿಲ್ಲುವುದಿಲ್ಲ.

ಆದರೂ ಒಡಿಶಾದ ಬುಧಿಯಾ ಸಿಂಗ್‌ನ ಕಥೆಯನ್ನು ಒಮ್ಮೆ ನೆನೆಯಬೇಕು. 2006ರ ಮೇ ತಿಂಗಳಲ್ಲಿ ನಾಲ್ಕು ವರ್ಷದ ಈ ಬಾಲಕ ಪುರಿಯಿಂದ ಭುವನೇಶ್ವರದ ತನಕ 65 ಕಿಲೋಮೀಟರ್ ದೂರವನ್ನು ಏಳು ಗಂಟೆ ಚಿಲ್ಲರೆಯಲ್ಲಿ ಓಡಿದ. ವಿಜಯಪುರ ಬಿಟ್ಟು, ಬಬಲೇಶ್ವರ ದಾಟಿ, ಹೆಚ್ಚು ಕಡಿಮೆ ಜಮಖಂಡಿ ಮುಟ್ಟುವಷ್ಟು ದೂರ. ಅದೂ ಬೇಸಿಗೆಯಲ್ಲಿ. ದಾರಿಯುದ್ದಕ್ಕೂ ಜನ ಚಪ್ಪಾಳೆ ತಟ್ಟಿದರು, ಕ್ಯಾಮೆರಾಗಳು ಹಿಂಬಾಲಿಸಿದವು. ಕೊನೆಗೆ ಮಗು ಕುಸಿಯಿತು. ಸರ್ಕಾರ ನಡುವೆ ಬಂದು ಇಂಥ ಓಟಗಳನ್ನು ತಡೆಯಿತು. ಅವನನ್ನು ತರಬೇತುಗೊಳಿಸುತ್ತಿದ್ದ ಬಿರಂಚಿ ದಾಸ್ ಕಟುಕನೇ ಎಂದರೆ ಹಾಗೆ ಹೇಳಿಬಿಡುವುದೂ ಕಷ್ಟ. ಕೊಳೆಗೇರಿಯ ಆ ಮಗುವನ್ನು ಮನೆಗೆ ಕರೆದುಕೊಂಡು ಹೋಗಿ ಅನ್ನ ಹಾಕಿದವರೂ ಅವರೇ. 2008ರಲ್ಲಿ ದಾಸ್ ಕೊಲೆಯಾದರು. ಹುಡುಗ ಅದಕ್ಕೂ ಮೊದಲೇ ಭುವನೇಶ್ವರದ ಸರ್ಕಾರಿ ಕ್ರೀಡಾ ವಸತಿ ನಿಲಯ ಸೇರಿದ್ದ. ನಾಲ್ಕು ವರ್ಷಕ್ಕೆ ದೇಶವೆಲ್ಲ ಮಾತಾಡಿಕೊಂಡ ಆ ಓಟಗಾರ ಒಲಿಂಪಿಕ್ಸ್‌ವರೆಗೆ ಬರಲೇ ಇಲ್ಲ. ಅಂದು ಚಪ್ಪಾಳೆ ತಟ್ಟಿದವರಲ್ಲಿ ಆ ಮಗು ನಿಲ್ಲಬೇಕೆಂದಾಗ ನಿಲ್ಲಬಹುದಿತ್ತೇ ಎಂದು ಎಷ್ಟು ಜನ ಕೇಳಿದ್ದರು?

ಮಕ್ಕಳ ಮೈ ದೊಡ್ಡವರ ಮೈಯ ಚಿಕ್ಕ ನಮೂನೆಯಲ್ಲ. ಬೆಳೆಯುವ ಎಲುಬಿನ ತುದಿಯಲ್ಲಿ ಮೆತ್ತನೆಯ ಒಂದು ಪದರ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಹುಡುಗಿಯರಲ್ಲಿ ಸುಮಾರು ಹದಿನಾಲ್ಕು, ಹದಿನೈದರ ಹೊತ್ತಿಗೆ, ಹುಡುಗರಲ್ಲಿ ಇನ್ನೆರಡು ವರ್ಷ ತಡವಾಗಿ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ದೇಹದ ಅತಿ ದುರ್ಬಲ ಜಾಗಗಳಲ್ಲಿ ಒಂದು. ಹನ್ನೆರಡು ಹದಿಮೂರರ ಆಟಗಾರ ಮಕ್ಕಳಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವುದುಂಟು. ತೊಡೆಯ ಸ್ನಾಯು ಪದೇ ಪದೇ ಜಗ್ಗಿ, ಇನ್ನೂ ಬಲಿಯದ ಎಲುಬನ್ನು ನೋಯಿಸಿದ್ದರ ಫಲ ಅದು. ಭಾರ ಇಳಿಸಿದರೆ ಬಹುಪಾಲು ತಾನಾಗಿಯೇ ಮಾಯುತ್ತದೆ. ಎಣ್ಣೆ ತಿಕ್ಕಿ, ಪಟ್ಟಿ ಸುತ್ತಿ ಮರುದಿನ ಮತ್ತೆ ರಸ್ತೆಗೆ ಇಳಿಸಿದರೆ ಮಾಯುವುದಿಲ್ಲ.

ಸೈಕ್ಲಿಂಗ್ ಲೋಕಕ್ಕೆ ಈ ತಿಳಿವಳಿಕೆ ಇಲ್ಲವೆಂದಲ್ಲ. ಭಾರದ ಗೇರಿನಲ್ಲಿ ಒಂದು ಸುತ್ತು ತುಳಿದರೆ ಗಾಡಿ ಬಹುದೂರ ಹೋಗುತ್ತದೆ, ಆದರೆ ಮೊಣಕಾಲಿನ ಮೇಲೆ ಬೀಳುವ ಒತ್ತಡವೂ ಅಷ್ಟೇ ಹೆಚ್ಚು. ಅದಕ್ಕಾಗಿ 17, 18 ವಯಸ್ಸಿನ ಜೂನಿಯರ್ ಸವಾರರು ಪೆಡಲಿನ ಒಂದು ಸುತ್ತಿಗೆ 7.93 ಮೀಟರ್‌ಗಿಂತ ದೂರ ಸಾಗುವ ಗೇರು ಬಳಸಬಾರದು ಎಂಬ ನಿಯಮ ಅಂತರರಾಷ್ಟ್ರೀಯ ರಸ್ತೆ ಸ್ಪರ್ಧೆಗಳಲ್ಲಿ ಬಹುಕಾಲ ಇತ್ತು. 2023ರಿಂದ ಅದನ್ನು ತೆಗೆದುಹಾಕಲಾಗಿದೆ. ಅದು ಸರಿಯೋ ತಪ್ಪೋ ಎಂಬ ವಾದ ಬೇರೆ. ಗಮನಿಸಬೇಕಾದದ್ದು ಇಷ್ಟು: ಹದಿನೇಳರ ಬಲಿತ ಹುಡುಗನಿಗೂ ಮಿತಿ ಬೇಕೆಂದು ಒಂದು ಕಾಲಕ್ಕೆ ಜಗತ್ತೇ ಒಪ್ಪಿತ್ತು. ಇಲ್ಲಿ ಹನ್ನೊಂದರ ಮಗು ಯಾರೋ ದೊಡ್ಡವರು ಬಿಟ್ಟ ಸೈಕಲ್ ಏರಿ, ಸೀಟು ಎಷ್ಟು ಇಳಿಸಿದರೂ ಕಾಲು ಸರಿಯಾಗಿ ನಿಲುಕದೆ, ಭಾರದ ಗೇರು ತುಳಿಯುವ ಪರಿಸ್ಥಿತಿ ಬರಬಹುದು. ಲಕ್ಷ ದಾಟುವ ರೇಸಿಂಗ್ ಸೈಕಲ್ಲನ್ನು ಮಗುವಿನ ಅಳತೆಗೆ ಎರಡೆರಡು ವರ್ಷಕ್ಕೊಮ್ಮೆ ಯಾರು ಕೊಡಿಸಬೇಕು? ಬಡತನದ ಪೆಟ್ಟು ಮೊಣಕಾಲಿಗೂ ಬೀಳುತ್ತದೆ.

ಹಳೆಯ ಗರಡಿಮನೆಗಳಲ್ಲಿ ಈ ವಿಷಯಕ್ಕೆ ಒಂದು ಕ್ರಮ ಇತ್ತು. ಹೊಸದಾಗಿ ಬಂದ ಹುಡುಗನನ್ನು ವಸ್ತಾದರು ಒಮ್ಮೆಲೇ ಜೋಡಿಗೆ ಬಿಡುತ್ತಿರಲಿಲ್ಲ. ಮೊದಲು ಕೆಮ್ಮಣ್ಣು ಹದ ಮಾಡುವ ಕೆಲಸ, ಆಮೇಲೆ ದಂಡ, ಬೈಠಕ್. ಅದರ ಎಣಿಕೆಯೂ ಸಾವಕಾಶವಾಗಿ ಏರುವಂಥದ್ದು. ಜಾತ್ರೆಯ ಕಣದಲ್ಲಿ ಹಿರಿಯರು ಎತ್ತರ, ಮೈಕಟ್ಟು ನೋಡಿ ಜೋಡಿ ಹಚ್ಚುವ ಪದ್ಧತಿ ಇಂದಿಗೂ ಇದೆ. ಚಿಕ್ಕ ಹುಡುಗರ ಕುಸ್ತಿಗೆ ಬಹುಮಾನ ಒಂದು ತೆಂಗಿನಕಾಯಿ. ಸೋತವನ ಬೆನ್ನು ತಟ್ಟಿ ಅವನ ಕೈಗೂ ಏನಾದರೂ ಇಟ್ಟು ಕಳಿಸುವವರು ಇದ್ದರು. ಗರಡಿಯೆಲ್ಲ ನಂದನವನವಾಗಿತ್ತು ಎಂದೇನಲ್ಲ. ಬೆತ್ತದ ರುಚಿಯೂ ಅಲ್ಲಿ ಧಾರಾಳವಾಗಿಯೇ ಸಿಗುತ್ತಿತ್ತು. ಆದರೆ ತೆಂಗಿನಕಾಯಿಗಾಗಿ ಯಾವ ತಂದೆಯೂ ಮಗನ ವಯಸ್ಸು ತಿದ್ದಿಸುವ ಪ್ರಮೇಯ ಇರಲಿಲ್ಲ.

ಈಗ ಆ ಪ್ರಮೇಯ ಬಂದಿದೆ. ವಯಸ್ಸಿನ ವಂಚನೆ ತಡೆಯಲು ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲಿ ಸಂಹಿತೆಯನ್ನೇ ತರಬೇಕಾಯಿತು. ಅನುಮಾನ ಬಂದರೆ ಆಟಗಾರನ ಕೈ, ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬು ಎಷ್ಟು ಬಲಿತಿದೆ ಎಂದು ನೋಡುತ್ತಾರೆ. ವಿಚಿತ್ರವೆಂದರೆ ಸಂತೆಯ ರೈತ ಹೋರಿಯ ಬಾಯಿ ತೆರೆಸುವಂತೆಯೇ ಇಲ್ಲಿ ಮಗುವಿನ ಎಲುಬನ್ನು ಓದಲಾಗುತ್ತಿದೆ, ಆದರೆ ಮೋಸ ಹಿಡಿಯುವುದಕ್ಕೆ ಮಾತ್ರ. ಅದೇ ಎಲುಬಿಗೆ ಎಷ್ಟು ಭಾರ ಹೊರಿಸಬಹುದು ಎಂಬ ಲೆಕ್ಕಕ್ಕೆ ಅದು ಬಳಕೆಯಾಗುವುದು ಅಪರೂಪ.

ಹೊರದೇಶದವರು ಈ ಪಾಠವನ್ನು ಪೆಟ್ಟು ತಿಂದೇ ಕಲಿತರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ ನಾದಿಯಾ ಕೊಮನೇಚಿ ಹತ್ತಕ್ಕೆ ಹತ್ತು ಅಂಕ ಪಡೆದಾಗ ಅವಳಿಗೆ 14 ವರ್ಷ. ಮುಂದೆ ಜಿಮ್ನಾಸ್ಟಿಕ್ಸ್ ಒಕ್ಕೂಟ ಮಹಿಳೆಯರ ಕನಿಷ್ಠ ವಯಸ್ಸನ್ನು ಏರಿಸುತ್ತ ಹೋಗಿ 1997ರಲ್ಲಿ 16ಕ್ಕೆ ತಂದಿತು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹದಿನೈದರ ರಷ್ಯನ್ ಬಾಲೆಯೊಬ್ಬಳು ಮದ್ದಿನ ಪ್ರಕರಣದಲ್ಲಿ ಸಿಕ್ಕಿ ಜಗತ್ತಿನ ಎದುರು ಕುಸಿದು ಅತ್ತದ್ದನ್ನು ಎಲ್ಲರೂ ನೋಡಿದರು. ಅದೇ ವರ್ಷ ಸ್ಕೇಟಿಂಗ್ ಒಕ್ಕೂಟ ಹಿರಿಯರ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು ಹಂತ ಹಂತವಾಗಿ 17ಕ್ಕೆ ಏರಿಸಲು ನಿರ್ಧರಿಸಿತು.

‘ಬೇಗ ಶುರು ಮಾಡದಿದ್ದರೆ ಹಿಂದೆ ಬೀಳುತ್ತಾನೆ’ ಎಂಬುದು ಪಾಲಕರ ದೊಡ್ಡ ಭಯ. ಜರ್ಮನಿಯ ಆರ್ನೆ ಗ್ಯೂಲಿಖ್ ಮತ್ತು ಸಂಗಡಿಗರು ಆರು ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳ ವಿವರ ಕೂಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಯಕ್ಕೆ ಉತ್ತರ ಕೊಡುತ್ತದೆ. ಜೂನಿಯರ್ ಮಟ್ಟದಲ್ಲಿ ಗೆದ್ದವರು ಚಿಕ್ಕಂದಿನಲ್ಲೇ ಒಂದೇ ಆಟಕ್ಕೆ ಅಂಟಿಕೊಂಡವರು, ನಿಜ. ಆದರೆ ದೊಡ್ಡವರಾಗಿ ವಿಶ್ವಮಟ್ಟ ಮುಟ್ಟಿದವರು ಬಾಲ್ಯದಲ್ಲಿ ಹಲವು ಆಟ ಆಡಿ, ತಮ್ಮ ಮುಖ್ಯ ಆಟಕ್ಕೆ ತುಸು ತಡವಾಗಿಯೇ ಬಂದವರು. ಇದಕ್ಕೆ ಉದಾಹರಣೆ ಹುಡುಕಲು ಜರ್ಮನಿಗೆ ಹೋಗಬೇಕಿಲ್ಲ, ವಿಜಯಪುರದಲ್ಲೇ ಇದೆ. ಶಿಕ್ಷಕರ ಮಗಳು ರಾಜೇಶ್ವರಿ ಗಾಯಕವಾಡ ಮೊದಲು ಜಾವೆಲಿನ್, ಡಿಸ್ಕಸ್ ಎಸೆದವರು, ವಾಲಿಬಾಲ್ ಆಡಿದವರು. ಕ್ರಿಕೆಟ್ಟಿಗೆ ಬಂದದ್ದು ಹದಿಹರೆಯದಲ್ಲಿ. 2017ರ ಜುಲೈ 15ರಂದು ಡರ್ಬಿಯಲ್ಲಿ ವಿಶ್ವಕಪ್ಪಿನ ಸೆಮಿಫೈನಲ್ ಸ್ಥಾನ ನಿರ್ಧರಿಸುವ ಪಂದ್ಯದಲ್ಲಿ ಅವರು 15 ರನ್ನಿಗೆ ಐದು ವಿಕೆಟ್ ಕಿತ್ತಾಗ ನ್ಯೂಜಿಲೆಂಡ್ 79ಕ್ಕೆ ಮುದುಡಿಕೊಂಡಿತು.

ಹಾಗಾದರೆ ಎಷ್ಟು ಒತ್ತಬೇಕು? ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ 2016ರಲ್ಲಿ ಕೊಟ್ಟ ಸಲಹೆ ಪ್ರಕಾರ, ಹದಿನೈದು ಹದಿನಾರರ ಒಳಗೆ ಒಂದೇ ಆಟಕ್ಕೆ ಕಟ್ಟಿಹಾಕದಿರುವುದು ಒಳಿತು. ವಾರಕ್ಕೆ ಒಂದೆರಡು ದಿನ ಬಿಡುವು ಬೇಕು. ವಾರಕ್ಕೆ ಮಗುವಿನ ವಯಸ್ಸಿಗಿಂತ ಹೆಚ್ಚು ಗಂಟೆ ತರಬೇತಿ ಬೇಡ ಎಂಬುದು ಕ್ರೀಡಾ ವೈದ್ಯರ ಇನ್ನೊಂದು ಸರಳ ಲೆಕ್ಕ. ಅಂದರೆ ಹತ್ತು ವರ್ಷದ ಮಗುವಿಗೆ ವಾರಕ್ಕೆ ಹತ್ತು ಗಂಟೆ. ಬೆಳಿಗ್ಗೆ ಎರಡು, ಸಂಜೆ ಎರಡು ಗಂಟೆ ಎಂದು ಆರು ದಿನ ದುಡಿಸಿದರೆ ಇಪ್ಪತ್ನಾಲ್ಕು! ನಸುಕಿನಲ್ಲಿ ಏಳುವುದು, ಹೇಳಿದ ಹೊತ್ತಿಗೆ ಬರುವುದು, ಸೋತ ದಿನವೂ ಎದುರಾಳಿಗೆ ಕೈ ಕೊಡುವುದು, ಇವುಗಳಲ್ಲಿ ಪಾಲಕರು ಬಿಗಿಯಾಗಿಯೇ ಇರಲಿ, ತಪ್ಪಿಲ್ಲ. ಸಡಿಲ ಬಿಡಬೇಕಾದದ್ದು ದೂರ, ಭಾರ, ಪದಕದ ವಿಷಯದಲ್ಲಿ. ಹುಡುಗಿಯರ ತಾಯಂದಿರು ಮುಜುಗರ ಬಿಟ್ಟು ಒಂದು ಮಾತು ಕೇಳಬೇಕು. ಕಠಿಣ ತರಬೇತಿಗೆ ತಕ್ಕ ಊಟ ಇಲ್ಲದಿದ್ದರೆ ಮುಟ್ಟು ನಿಂತುಹೋಗುತ್ತದೆ, ಎಲುಬು ಟೊಳ್ಳಾಗುತ್ತದೆ. ಅದನ್ನು ‘ರೇಸಿಗೆ ಅನುಕೂಲವೇ ಆಯಿತು’ ಎಂದು ಸುಮ್ಮನಿರುವಂತಿಲ್ಲ, ವೈದ್ಯರ ಬಳಿ ಹೋಗಬೇಕು. ಮಗು ನೋವು ಎಂದಾಗ ‘ನೆಪ ಹೇಳ್ತಾನ’ ಎಂದು ಒಮ್ಮೆ ಬಾಯಿ ಮುಚ್ಚಿಸಿದರೆ ಎರಡನೆಯ ಸಲ ಅದು ಹೇಳುವುದೇ ಇಲ್ಲ.

ಅದೇ ವೈದ್ಯರು ವರ್ಷಕ್ಕೆ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳ ಕಂತಿನಲ್ಲಾದರೂ, ಮುಖ್ಯ ಆಟಕ್ಕೆ ರಜೆ ಕೊಡಿ ಎನ್ನುತ್ತಾರೆ. ಇದಕ್ಕೆ ಬೇಕಾದ ಪಂಚಾಂಗ ಈ ನೆಲದಲ್ಲೇ ಇದೆ. ಯುಗಾದಿ ಕಳೆದ ಮೇಲೆ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಶಾಲೆ ಮುಚ್ಚುತ್ತದೆ, ದನಕರುಗಳೂ ನೆರಳು ಹಿಡಿಯುತ್ತವೆ. ಆದರೆ ‘ಬೇಸಿಗೆ ಶಿಬಿರ’ ನಡೆಯುವುದು ಸರಿಯಾಗಿ ಆಗಲೇ. ಈ ಸಲ ಶಿಬಿರಕ್ಕೆ ಹೆಸರು ಬರೆಸುವ ಮೊದಲು ಪಾಲಕರು ತರಬೇತುದಾರರನ್ನು ಎರಡು ಮಾತು ಕೇಳಿ ನೋಡಲಿ: ಬಿಡುವಿನ ದಿನ ಯಾವುದು? ಮಗು ಸಾಕು ಎಂದರೆ ನೀವೇನು ಮಾಡುತ್ತೀರಿ?