‘ತೂ’ ಎನ್ನಬೇಕೋ, ‘ಉಸ್ತೆದ್’ ಎನ್ನಬೇಕೋ?

ಸ್ಪ್ಯಾನಿಷ್ ಕಲಿಯಹೊರಟವರ ನಾಲಿಗೆ ತಡೆಯುವುದು ತರಗತಿಗಿಂತ ಹೆಚ್ಚಾಗಿ ಅಂಗಡಿಯ ಬಾಗಿಲಲ್ಲಿ. ಒಳಗಿರುವವರನ್ನು ‘ತೂ’ ಎನ್ನಬೇಕೋ, ‘ಉಸ್ತೆದ್’ ಎನ್ನಬೇಕೋ? ಕನ್ನಡದ ನೀನು, ನೀವುಗಳ ಪೇಚೇ ಇದು.

‘ಉಸ್ತೆದ್’ ಹುಟ್ಟಿದ್ದು ‘ಬುಯೆಸ್ತ್ರಾ ಮೆರ್ಸೆದ್’ ಎಂಬ ಬಿನ್ನಹದ ಮಾತಿನಿಂದ. ‘ತಮ್ಮ ಕೃಪೆ’ ಎಂದಂತೆ. ಬಾಯಿಂದ ಬಾಯಿಗೆ ಸವೆದು 17ನೆಯ ಶತಮಾನದಲ್ಲಿ ಈ ರೂಪಕ್ಕೆ ಇಳಿಯಿತು. ಹಳೆಯ ಠೀವಿ ಮಾತ್ರ ಪೂರ್ತಿ ಹೋಗಿಲ್ಲ ನೋಡಿ: ಎದುರಿಗಿದ್ದವರನ್ನೇ ‘ಹೇಗಿದ್ದೀರಿ’ ಎಂದು ಕೇಳಿದರೂ, ಕ್ರಿಯಾಪದ ಅವನು, ಅವಳುಗಳಿಗೆ ಹೊಂದುವಂಥದ್ದು. ‘ತಮ್ಮ ಕೃಪೆ ಹೇಗಿದೆ’ ಎಂದ ಹಾಗೆ.

ರೂಢಿ ಊರಿಗೊಂದು. ಸ್ಪೇನಿನಲ್ಲಿ ಅಪರಿಚಿತರೂ ಬೇಗ ‘ತೂ’ಗೆ ಇಳಿಯುತ್ತಾರೆ. ಕೊಲಂಬಿಯಾದ ಬೊಗೊತಾದಲ್ಲಿ ಆಪ್ತ ಗೆಳೆಯರು, ಗಂಡಹೆಂಡಿರೂ ‘ಉಸ್ತೆದ್’ ಎಂದುಕೊಳ್ಳುವುದುಂಟು. ಅಲ್ಲಿ ಅದು ಸಲಿಗೆಯ ಮಾತೂ ಹೌದು. ಅರ್ಜೆಂಟೀನಾದಲ್ಲಿ ‘ತೂ’ ಬದಲು ‘ಬೋಸ್’. ಒಂದೇ ಪಠ್ಯಪುಸ್ತಕ ನಂಬಿ ಹೋದವರು ತಬ್ಬಿಬ್ಬಾಗದಿರುತ್ತಾರೆಯೇ?

ಸಂದೇಹವಿದ್ದಲ್ಲಿ, ಹಿರಿಯರ ಮುಂದಂತೂ, ‘ಉಸ್ತೆದ್’ನಿಂದ ತೊಡಗುವುದು ಕ್ಷೇಮ. ‘ತೂ’ ಎಂದೇ ಮಾತಾಡೋಣವೇ ಎಂದು ಕೇಳಲು ಆ ಭಾಷೆಯಲ್ಲಿ ‘ತುತೆಯಾರ್’ ಎಂಬ ಕ್ರಿಯಾಪದವೇ ಇದೆ. ಆದರೆ ಎಲ್ಲಕ್ಕೂ ಮೊದಲು ‘ಬುಯೆನೋಸ್ ದಿಯಾಸ್’. ವಂದಿಸದೆ ಬೆಲೆ ಕೇಳಿದರೆ ಒರಟುತನ. ಅದು ಬೆಳಗಿನ ವಂದನೆ. ಸ್ಪೇನಿನಲ್ಲಿ ಊಟ ಎರಡು ಗಂಟೆಯ ಮೇಲೆ; ಹಲವರಿಗೆ ಅಲ್ಲಿಯವರೆಗೂ ಬೆಳಗ್ಗೆಯೇ!