ನೆರೆಯ ಹಗೆಯೂ ಮಾತಿನ ತೂಕವೂ



ಮಾತು ಬಲ್ಲವನಿಗೆ ಜಗಳವಿಲ್ಲವೆಂಬುದು ನಮ್ಮ ಹಿರಿಯರ ಗಾದೆ. ರಾಷ್ಟ್ರಗಳ ವ್ಯವಹಾರದಲ್ಲಿಯೂ ಈ ಗಾದೆ ಸಲ್ಲುವುದೆ ಎಂಬುದನ್ನು ಚೀನಾ ಮತ್ತು ಜಪಾನ್ ದೇಶಗಳ ನಿದರ್ಶನದಿಂದ ಪರಿಶೀಲಿಸೋಣ.

1937ರಿಂದ 1945ರ ವರೆಗೆ ನಡೆದ ಯುದ್ಧದಲ್ಲಿ ಜಪಾನಿನ ಸೈನ್ಯದಿಂದ ಚೀನೀಯರು ಅನುಭವಿಸಿದ ಸಂಕಟವು ವರ್ಣನಾತೀತವಾದುದು. 1949ರಲ್ಲಿ ಬೀಜಿಂಗಿನಲ್ಲಿ ಹೊಸ ಸರ್ಕಾರವು ಸ್ಥಾಪಿತವಾದಾಗ ಜಪಾನು ಅದನ್ನು ಮಾನ್ಯಮಾಡಲಿಲ್ಲ. 1952ರಲ್ಲಿ ತೈವಾನಿನ ಸರ್ಕಾರದೊಡನೆ ಕೌಲು ಮಾಡಿಕೊಂಡಿತು. ಆದರೂ ಬಾಗಿಲು ಪೂರ್ತಿಯಾಗಿ ಮುಚ್ಚಿರಲಿಲ್ಲ. 1962ರಲ್ಲಿ ಲಿಯಾವ್ ಚೆಂಗ್‌ಜಿ ಮತ್ತು ತಕಾಸಾಕಿ ತತ್ಸುನೊಸುಕೆ ಎಂಬಿಬ್ಬರು ವ್ಯಾಪಾರದ ಒಡಂಬಡಿಕೆಯೊಂದಕ್ಕೆ ಸಹಿಮಾಡಿದರು. ಎರಡು ವರ್ಷಗಳ ತರುವಾಯ ಪತ್ರಿಕೆಗಳ ಬಾತ್ಮೀದಾರರೂ ಪರಸ್ಪರ ದೇಶಗಳಲ್ಲಿ ನೆಲಸಿದರು.

1972ರ ಸೆಪ್ಟೆಂಬರ್ 25ರಂದು ಜಪಾನಿನ ಪ್ರಧಾನಿ ತನಾಕ ಕಾಕುಯೆಯಿ ಬೀಜಿಂಗಿಗೆ ಬಂದರು. ಅಂದು ರಾತ್ರಿಯ ಔತಣದಲ್ಲಿ, ಚೀನೀಯರಿಗೆ ತಮ್ಮ ದೇಶವು ಬಹಳ ತೊಂದರೆ ಕೊಟ್ಟಿತೆಂದು ಅವರು ಹೇಳಿದರು. ಭಾಷಾಂತರದಲ್ಲಿ ಬಂದ ಪದವು ತೀರ ಹಗುರವಾದುದಾಗಿತ್ತು. ಹೆಂಗಸಿನ ಉಡುಪಿನ ಮೇಲೆ ಅಕಸ್ಮಾತ್ತಾಗಿ ನೀರು ಚೆಲ್ಲಿದಾಗ ಆಡತಕ್ಕ ಮಾತದು ಎಂದು ಪ್ರಧಾನಿ ಚೌ ಎನ್‌ಲಾಯ್ ಆಕ್ಷೇಪಿಸಿದರು. ಕಡೆಗೆ 29ರಂದು ಹೊರಟ ಜಂಟಿ ಪ್ರಕಟಣೆಯಲ್ಲಿ, ಯುದ್ಧದಿಂದಾದ ಘೋರ ಹಾನಿಯ ಹೊಣೆಯನ್ನು ಜಪಾನು ತೀವ್ರವಾಗಿ ಮನಗಂಡಿದೆ, ಅದಕ್ಕಾಗಿ ಆಳವಾಗಿ ತನ್ನನ್ನು ತಾನೇ ನಿಂದಿಸಿಕೊಳ್ಳುತ್ತದೆ ಎಂಬರ್ಥದ ಮಾತುಗಳು ಸೇರಿದುವು. ಅದೇ ಪ್ರಕಟಣೆಯಲ್ಲಿ ಚೀನಾ ಯುದ್ಧಪರಿಹಾರದ ಹಣವನ್ನು ಕೇಳುವ ಹಕ್ಕನ್ನು ಬಿಟ್ಟುಕೊಟ್ಟಿತು.

ಇದು ಬರಿಯ ವ್ಯಾಕರಣದ ಚರ್ಚೆಯೆಂದು ನಗುವವರುಂಟು. ಆದರೆ ವಿಚಾರಮಾಡಿ: ಹಣವನ್ನು ಬಿಟ್ಟ ಮೇಲೆ, ಮಡಿದವರ ಪರವಾಗಿ ಆ ದೇಶಕ್ಕೆ ದೊರೆಯಬಹುದಾಗಿದ್ದುದು ಮಾತೊಂದೇ ಅಲ್ಲವೆ? ಆ ಮಾತೂ ಹಗುರವಾದರೆ ಉಳಿಯುವುದೇನು?

1978ರಲ್ಲಿ ಶಾಂತಿ ಮತ್ತು ಮೈತ್ರಿಯ ಕೌಲಾಯಿತು. ಸೆಂಕಾಕು ಎಂದು ಜಪಾನೀಯರೂ ದಿಯಾವ್‌ಯು ಎಂದು ಚೀನೀಯರೂ ಕರೆಯುವ ದ್ವೀಪಗಳ ವಿವಾದವನ್ನು ಮುಂದಿನ ಪೀಳಿಗೆಯ ವಿವೇಕಕ್ಕೆ ಬಿಡೋಣವೆಂದು ಆ ವರ್ಷವೇ ಡೆಂಗ್ ಶಿಯಾವ್‌ಪಿಂಗ್ ಸೂಚಿಸಿದರು. ಮುಂದೂಡಿದ ವಿವಾದವು ನಶಿಸಲಿಲ್ಲ. 2012ರಲ್ಲಿ ಜಪಾನಿನ ಸರ್ಕಾರವು ಆ ಪೈಕಿ ಮೂರು ದ್ವೀಪಗಳನ್ನು ಖಾಸಗಿ ಒಡೆತನದಿಂದ ಕ್ರಯಕ್ಕೆ ಪಡೆಯಲಾಗಿ, ವಿರಸವು ಮತ್ತೆ ಭುಗಿಲೆದ್ದಿತು.

ಆಗಲೂ ದಾರಿ ತೋರಿದುದು ಪದಗಳೇ. 2014ರ ನವೆಂಬರಿನಲ್ಲಿ, ಆ ಸಮುದ್ರದಲ್ಲಿ ಉಂಟಾದ ಬಿಕ್ಕಟ್ಟಿನ ವಿಷಯದಲ್ಲಿ ತಮಗೆ ಭಿನ್ನಾಭಿಪ್ರಾಯಗಳುಂಟೆಂದು ಎರಡು ಸರ್ಕಾರಗಳೂ ಅಂಗೀಕರಿಸಿದುವು. ಯಾರೂ ತಮ್ಮ ಹಕ್ಕನ್ನು ಬಿಡಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಶಿ ಜಿನ್‌ಪಿಂಗ್ ಮತ್ತು ಅಬೆ ಶಿಂಜೊ ಬೀಜಿಂಗಿನಲ್ಲಿ ಕೈಕುಲುಕಿದರು.

ತಪ್ಪನ್ನು ಒಪ್ಪುವಲ್ಲಿ ಪದಕ್ಕೆ ತೂಕವಿರಬೇಕು. ಹಕ್ಕನ್ನು ಸಾಧಿಸುವಲ್ಲಿ ಎದುರಾಳಿಗೂ ನಿಲ್ಲಲು ಎಡೆಯಿರಬೇಕು. ನೆರೆಯವರ ಹಗೆಯು ಒಂದು ಸಹಿಯಿಂದ ಅಳಿಯತಕ್ಕುದಲ್ಲ. ನೆರೆಯನ್ನು ಬದಲಾಯಿಸಲಾರದವರು ಮಾತನ್ನಾದರೂ ತಿದ್ದಿಕೊಳ್ಳಬಹುದು.