ಬೆಳಕು ಮೊದಲು ಎಲ್ಲಿಗೆ ಹೋಯಿತು?

ಮೈಸೂರಿನ ಅರಮನೆಗೆ ಎರಡು ರೂಪ. ಹಗಲಿನಲ್ಲಿ ಕಾಣುವುದು ಕಲ್ಲಿನ ಗೋಡೆ, ಕಮಾನುಗಳ ಸಾಲು, ಕೆಂಬಣ್ಣದ ಗುಮ್ಮಟಗಳು, ನಡುವೆ 145 ಅಡಿ ಎತ್ತರಕ್ಕೆ ಎದ್ದು ನಿಂತ ಗೋಪುರ. ಭಾನುವಾರ, ಸರ್ಕಾರಿ ರಜೆ ಮತ್ತು ದಸರೆಯ ರಾತ್ರಿಗಳಲ್ಲಿ ಕಾಣುವುದು ಬರೀ ಬೆಳಕಿನ ಗೆರೆಗಳಲ್ಲಿ ಬರೆದ ಅರಮನೆ. ಸುಮಾರು 97,000 ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ಅಂಗಳದಲ್ಲಿ ನೆರೆದ ಜನರಿಂದ ಒಂದು ಉದ್ಗಾರ ಹೊರಡುತ್ತದೆ. ಪ್ರತಿ ವಾರ ನೋಡುವ ಊರಿನವರೂ ಆ ಉದ್ಗಾರಕ್ಕೆ ದನಿಗೂಡಿಸುತ್ತಾರೆ. ಅಷ್ಟು ಚೆಂದದ ಕ್ಷಣ ಅದು.

ಇದೇ ಅಂಗಳದಲ್ಲಿ ಧ್ವನಿ-ಬೆಳಕು ಕಾರ್ಯಕ್ರಮವೂ ನಡೆಯುತ್ತದೆ. ಪ್ರೇಕ್ಷಕರು ಕತ್ತಲಲ್ಲಿ ಕುಳಿತಿರುತ್ತಾರೆ. ಒಂದು ದನಿ ಒಡೆಯರ ಮನೆತನದ ಕಥೆ ಹೇಳುತ್ತದೆ. ಕಥೆ ಸಾಗಿದಂತೆ ಒಮ್ಮೆ ಒಂದು ಕಿಟಕಿ ಬೆಳಗುತ್ತದೆ, ಒಮ್ಮೆ ಇಡೀ ಗೋಡೆ ಕೆಂಪಾಗುತ್ತದೆ, ಮತ್ತೊಮ್ಮೆ ಎಲ್ಲವೂ ಕಪ್ಪಾಗಿ ದನಿಯೊಂದೇ ಉಳಿಯುತ್ತದೆ. ಈ ಕಲೆ ಹುಟ್ಟಿದ್ದು ಫ್ರಾನ್ಸಿನಲ್ಲಿ. ಅಲ್ಲಿನ ಶಾಂಬೋರ್ ಅರಮನೆಯ ಉಸ್ತುವಾರಿ ಹೊತ್ತಿದ್ದ ಪಾಲ್ ರೊಬೇರ್ ಊದಾಂ 1952ರಲ್ಲಿ ಇದರ ಮೊದಲ ಪ್ರದರ್ಶನ ಏರ್ಪಡಿಸಿದರು. ನಟರಿಲ್ಲದೆ, ವೇಷವಿಲ್ಲದೆ, ಕಟ್ಟಡವೇ ಪಾತ್ರವಾಗಿ ಮಾತಾಡಬಹುದೆಂದು ಜಗತ್ತಿಗೆ ತೋರಿದರು. 1960ರ ದಶಕದಲ್ಲಿ ಅದು ದೆಹಲಿಯ ಕೆಂಪುಕೋಟೆಗೆ ಬಂತು. ಈಗಂತೂ ಅನೇಕ ಕಡೆ ಗೋಡೆಯ ಒಂದೊಂದು ಕಂಬ, ಕಿಟಕಿಯ ಅಳತೆಯನ್ನೂ ಕಂಪ್ಯೂಟರಿಗೆ ಕೊಟ್ಟು, ಪ್ರೊಜೆಕ್ಟರಿನಿಂದ ಚಿತ್ರಗಳನ್ನು ಕಲ್ಲಿನ ಮೇಲೆಯೇ ಹರಿಸುತ್ತಾರೆ.

ಉಪಕರಣ ಯಾವುದೇ ಇರಲಿ, ಈ ಕಲೆಯ ಜೀವಾಳ ಆಯ್ಕೆ. ಬೆಳಕು ಎಲ್ಲಿ ಬೀಳುತ್ತದೋ ಅಲ್ಲಿ ಕಥೆ. ಬೆಳಕು ಬೀಳದ ಕಡೆ ಮೌನ. ಐದು ಶತಮಾನಗಳನ್ನು ಒಂದು ಸಂಜೆಯಲ್ಲಿ ಹೇಳಬೇಕಾದಾಗ ಎಷ್ಟೋ ಸಂಗತಿಗಳು ಕತ್ತಲಲ್ಲೇ ಉಳಿಯುತ್ತವೆ, ಅದು ಯಾರ ತಪ್ಪೂ ಅಲ್ಲ. ಹಾಗೆ ಉಳಿಯುವುದರಲ್ಲಿ ಒಂದು, ಆ ಬೆಳಕಿನದೇ ಕಥೆ. ಈ ಬೆಳಗ್ಗೆ ಅದರ ಮೇಲೆ ಸ್ವಲ್ಪ ದೀಪ ಹಿಡಿಯೋಣ.

ಈಗಿನ ಅರಮನೆಗೂ ಮೊದಲು ಅಲ್ಲಿದ್ದದ್ದು ಮರದ ಅರಮನೆ. 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ, ಅದಕ್ಕೆ ಬೆಂಕಿ ಬಿತ್ತು. ಅರಮನೆಯ ಬಹುಭಾಗ ಸುಟ್ಟುಹೋಯಿತು. ಆಗ ರಾಜ್ಯದ ಹೊಣೆ ಹೊತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಪತಿ ಚಾಮರಾಜೇಂದ್ರ ಒಡೆಯರನ್ನು 1894ರ ಕೊನೆಯಲ್ಲಿ ಕಳೆದುಕೊಂಡಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮಗ ನಾಲ್ವಡಿ ಕೃಷ್ಣರಾಜರು ಇನ್ನೂ ಬಾಲಕ. ಆ ದುಃಖ ಆರುವ ಮೊದಲೇ ಅರಮನೆಗೆ ಬೆಂಕಿ, ಮರುವರ್ಷವೇ ನಾಡಿಗೆ ಪ್ಲೇಗಿನ ಮಾರಿ. ಇಷ್ಟರ ನಡುವೆ ಆ ತಾಯಿ ಹೊಸ ಅರಮನೆ ಕಟ್ಟಿಸಲು ನಿರ್ಧರಿಸಿದರು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ನಕ್ಷೆ ಬರೆದ. ಮತ್ತೆ ಬೆಂಕಿಗೆ ಬಲಿಯಾಗದಂತೆ ಕಲ್ಲು, ಇಟ್ಟಿಗೆ, ಕಬ್ಬಿಣಗಳಿಂದ ಕಟ್ಟಿದರು. ಕೆಲಸ ಮುಗಿದದ್ದು 1912ರಲ್ಲಿ. ಖರ್ಚಾದದ್ದು ನಲವತ್ತೊಂದು ಲಕ್ಷಕ್ಕೂ ಹೆಚ್ಚು ರೂಪಾಯಿ.

ಅರಮನೆಯ ಗೋಡೆಗಳು ಏಳುತ್ತಿದ್ದ ಅದೇ ವರ್ಷಗಳಲ್ಲಿ ಇನ್ನೂ ಎರಡು ಕೆಲಸಗಳು ನಡೆಯುತ್ತಿದ್ದವು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಅಣೆಕಟ್ಟು ಏಳುತ್ತಿತ್ತು. ಅದೇ ಇಂದಿನ ವಾಣಿವಿಲಾಸ ಸಾಗರ. ಇತ್ತ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುವ ನೀರಿನಿಂದ ವಿದ್ಯುತ್ತು ತೆಗೆಯುವ ಸಾಹಸ. ಅದಕ್ಕೆ ಬೆನ್ನಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್, ಯೋಜನೆ ರೂಪಿಸಿದವರು ಇಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರ್. 1902ರ ಜೂನ್ ತಿಂಗಳಲ್ಲಿ ಕಾವೇರಿಯ ವಿದ್ಯುತ್ತು ತಂತಿಯ ಮೇಲೆ ಹರಿಯಿತು. ಆ ದಿನ ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಆ ಮೊದಲ ವಿದ್ಯುತ್ತು ಹೋದದ್ದು ಎಲ್ಲಿಗೆ? ಹತ್ತಿರದಲ್ಲೇ ಮೈಸೂರಿತ್ತು. ರಾಜಧಾನಿಯನ್ನು ಮೊದಲು ಬೆಳಗಿಸಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ತಂತಿ ಸಾಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಅದರ ಹಿಂದೆ ವ್ಯವಹಾರವಿತ್ತು ನಿಜ. ಗಣಿ ಕಂಪನಿ ವಿದ್ಯುತ್ತನ್ನು ಕೊಳ್ಳುತ್ತಿತ್ತು, ರಾಜ್ಯದ ಬೊಕ್ಕಸಕ್ಕೆ ಹಣ ಬರುತ್ತಿತ್ತು. ಆದರೂ ಆ ವಿದ್ಯುತ್ತು ಮೊದಲು ಮುಟ್ಟಿದ್ದು ದುಡಿಮೆಯ ನೆಲವನ್ನು. ಹಗಲೂ ರಾತ್ರಿಯೂ ಒಂದೇ ಆಗಿರುವ ಗಣಿಯ ಆಳದಲ್ಲಿ ಜನ ಮೈ ಮುರಿದು ದುಡಿಯುತ್ತಿದ್ದರು. ಅಲ್ಲಿನ ಯಂತ್ರಗಳಿಗೆ ಕಾವೇರಿ ಶಕ್ತಿ ಕೊಟ್ಟಳು. ಎರಡನೆಯ ಸರದಿ ಬೆಂಗಳೂರಿನದು. 1905ರ ಆಗಸ್ಟ್‌ನಲ್ಲಿ ಪೇಟೆಯ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿಕೊಂಡವು. ಮೈಸೂರು ನಗರದ ಸರದಿ ಬಂದದ್ದು ಇನ್ನೂ ಕೆಲವು ವರ್ಷಗಳ ಮೇಲೆ.

ಮೊದಲು ದುಡಿಮೆಗೆ, ಆಮೇಲೆ ಬೀದಿಗೆ, ಕೊನೆಗೆ ಸಿಂಗಾರಕ್ಕೆ. ನಮ್ಮ ನಾಡಿನಲ್ಲಿ ಬೆಳಕು ನಡೆದು ಬಂದ ದಾರಿ ಇದು. ತೇರು ಕಟ್ಟುವವರು ಮೊದಲು ಗಾಲಿ ಜೋಡಿಸುತ್ತಾರೆ, ಕಳಶ ಇಡುವುದು ಕೊನೆಗೆ. ಕಳಶವಿಲ್ಲದೆ ತೇರು ತೇರೆನಿಸುವುದಿಲ್ಲ, ಅದೂ ನಿಜವೇ. ಅರಮನೆಯ ದೀಪಗಳನ್ನು ದುಂದುವೆಚ್ಚವೆಂದು ನಾನು ಹೇಳಲಾರೆ. ಒಂದು ಕಾಲಕ್ಕೆ ದರ್ಬಾರಿಗೆ ಕರೆ ಬಂದವರಷ್ಟೇ ಒಳಗೆ ಹೋಗುತ್ತಿದ್ದರು. ಇಂದು ಆ ಸೊಬಗನ್ನು ನೋಡಲು ಯಾರ ಆಹ್ವಾನಪತ್ರವೂ ಬೇಕಿಲ್ಲ. ಬೀದಿಯಲ್ಲಿ ಹೂ ಮಾರುವವಳ ಕಣ್ಣನ್ನೂ ಅದು ತುಂಬುತ್ತದೆ. ಚೆಲುವು ಹೀಗೆ ಎಲ್ಲರದೂ ಆಗುವುದು ದೊಡ್ಡ ಸಂಗತಿ.

ಆ ಚೆಲುವನ್ನು ನಮಗೆ ಉಳಿಸಿಕೊಡುವ ಕೈಗಳನ್ನೂ ನೆನೆಯಬೇಕು. ಪ್ರತಿ ದಸರೆಗೆ ಮುಂಚೆ ಕೆಲಸಗಾರರು ಗುಮ್ಮಟ, ಕಮಾನು, ಸೂರಿನಂಚುಗಳನ್ನು ಹತ್ತಿ, ಕೆಟ್ಟ ಬಲ್ಬುಗಳನ್ನು ಒಂದೊಂದಾಗಿ ಹುಡುಕಿ ಬದಲಿಸುತ್ತಾರೆ. ಒಂದು ಸಾಲಿನಲ್ಲಿ ನಾಲ್ಕು ದೀಪ ಆರಿದರೂ ಆ ಗೆರೆ ಮುರಿದಂತೆ ಕಾಣುತ್ತದೆ. ಮುರಿಯದಂತೆ ನೋಡಿಕೊಂಡವರು ಯಾರೆಂದು ನೋಡುಗರಿಗೆ ಗೊತ್ತಾಗುವುದಿಲ್ಲ.

ಇದೇ ನಾಡು ಭಾಗ್ಯಜ್ಯೋತಿ ಎಂಬ ಯೋಜನೆಯನ್ನೂ ಕಂಡಿದೆ. ಬಡವರ ಗುಡಿಸಲಿಗೆ ಒಂದೇ ಒಂದು ಬಲ್ಬು. ಆ ಒಂದು ಬಲ್ಬಿನ ಕೆಳಗೆ ಎಷ್ಟು ಮಕ್ಕಳು ಅಕ್ಷರ ಕಲಿತರು, ಎಷ್ಟು ಬಾಣಂತಿಯರಿಗೆ ಅದು ನಡುರಾತ್ರಿಯ ಧೈರ್ಯವಾಯಿತು! ತೊಂಬತ್ತೇಳು ಸಾವಿರ ದೀಪಗಳ ಅರಮನೆ ನಮ್ಮ ಹೆಮ್ಮೆಯಾದರೆ, ಆ ಒಂದು ದೀಪದ ಮನೆ ನಮ್ಮ ಹೊಣೆ. ಎರಡೂ ಒಂದೇ ವಿದ್ಯುತ್ತಿನ ಮಕ್ಕಳು.

ಇವತ್ತು ಊರೂರಲ್ಲೂ ದೀಪಾಲಂಕಾರದ ಉತ್ಸಾಹವಿದೆ. ಜಾತ್ರೆಗೆ, ಮದುವೆಗೆ, ಗಣೇಶನ ಪೆಂಡಾಲಿಗೆ ಬಣ್ಣಬಣ್ಣದ ಸಾಲುದೀಪಗಳು ಬರುತ್ತವೆ. ಬರಲಿ. ಜೊತೆಗೆ ಸಿಂಗಾರ ಕೊನೆಗೆ ಎಂಬ ಆ ಹಳೆಯ ಕ್ರಮವನ್ನೂ ನಾವು ಪಾಲಿಸೋಣ. ಹೆಣ್ಣುಮಕ್ಕಳು ಹೆದರಿ ದಾಟುವ ಬೀದಿಯ ತಿರುವಿನಲ್ಲಿ ಕಂಬದ ದೀಪ ಉರಿಯುತ್ತಿದೆಯೇ? ರಾತ್ರಿಪಾಳಿ ಮುಗಿಸಿ ಬರುವವರ ದಾರಿ ಬೆಳಗಿದೆಯೇ? ಪರೀಕ್ಷೆಗೆ ಓದುವ ಮಗುವಿನ ಮನೆಯಲ್ಲಿ ಕರೆಂಟು ಇದೆಯೇ? ಸಾಲುದೀಪ ಕಟ್ಟುವ ಮೊದಲು ಊರಿನ ಹಿರಿಯರು, ಯುವಕರು ಒಂದು ಸಂಜೆ ಹೀಗೆ ಸುತ್ತಿ ಬಂದರೆ ಸಾಕು, ಯಾವ ಮೂಲೆ ಕತ್ತಲಲ್ಲಿದೆ ಎಂದು ತಿಳಿದುಹೋಗುತ್ತದೆ. ಆ ಮೂಲೆಯಿಂದ ಶುರುಮಾಡಿದ ಹಬ್ಬದಲ್ಲಿ ಅಲಂಕಾರದ ದೀಪಗಳಿಗೂ ಹೆಚ್ಚಿನ ಕಳೆ ಬರುತ್ತದೆ, ಏಕೆಂದರೆ ಅವನ್ನು ನೋಡಲು ಊರಿನ ಎಲ್ಲರೂ ನಿರ್ಭಯವಾಗಿ ಮನೆಯಿಂದ ಹೊರಗೆ ಬಂದಿರುತ್ತಾರೆ.